ಪವರ್ ಪೆಟ್ರೋಲ್ ಹಾಕಿದರೆ ಪವರ್ ಬರುತ್ತಾ? ಕಾರಿಗೆ ‘ರೀಮ್ಯಾಪ್’ ಮಾಡಿಸುವ ಮೊದಲು ಬಂಕ್ ಎಲ್ಲಿದೆ ನೋಡಿಕೊಳ್ಳಿ

ಚಿಕ್ಕಮಗಳೂರು: ‘ಸಾದಾ ಹಾಕ್ಲಾ, ಪವರ್ ಹಾಕ್ಲಾ?’ ಪೆಟ್ರೋಲ್ ಬಂಕ್‌ಗೆ ಹೋದಾಗ ಈ ಪ್ರಶ್ನೆ ಕೇಳಿಸಿಕೊಳ್ಳದವರು ಕಡಿಮೆ. ಲೀಟರ್‌ಗೆ ಒಂದಷ್ಟು ಹೆಚ್ಚು ಕೊಟ್ಟರೆ ಪಿಕಪ್ ಜಾಸ್ತಿಯಾಗುತ್ತೆ, ಇಂಜಿನ್ ಸ್ಮೂತ್ ಆಗುತ್ತೆ ಅನ್ನೋದು ಬಹಳ ಜನರ ನಂಬಿಕೆ. ಟರ್ಬೊ ಪೆಟ್ರೋಲ್ ಕಾರುಗಳು ಹೆಚ್ಚಾದ ಮೇಲೆ ಇದರ ಜೊತೆಗೆ ಇನ್ನೊಂದು ಮಾತೂ ಸೇರಿಕೊಂಡಿದೆ. ಅದೇ ‘ರೀಮ್ಯಾಪ್’. ಲ್ಯಾಪ್‌ಟಾಪ್ ತಂದು ಕಾರಿಗೆ ಸಿಕ್ಕಿಸಿ, ಒಂದು ಗಂಟೆಯಲ್ಲಿ ಇಂಜಿನ್ ಶಕ್ತಿ ಹೆಚ್ಚಿಸಿಕೊಡುತ್ತೇವೆ ಅನ್ನುವವರು ಈಗ ಬೇಕಾದಷ್ಟು ಜನ ಸಿಗುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಆಸಕ್ತಿ ಸ್ವಲ್ಪ ಹೆಚ್ಚೇ. ಕಾಫಿ ತೋಟದ ಮಣ್ಣಿನ ರಸ್ತೆಗಳಲ್ಲಿ ರಾಷ್ಟ್ರೀಯ ರ‍್ಯಾಲಿ ಕಾರುಗಳು ಹಾರಿಕೊಂಡು ಹೋಗೋದನ್ನು ನೋಡಿ ಬೆಳೆದ ಹುಡುಗರು ಇಲ್ಲಿದ್ದಾರೆ. ಆದರೆ ರೀಮ್ಯಾಪ್‌ಗೂ ಪೆಟ್ರೋಲ್‌ಗೂ ಇರುವ ಸಂಬಂಧ ಗೊತ್ತಿಲ್ಲದೆ ಕೈಹಾಕಿದರೆ ಲಕ್ಷಾಂತರ ರೂಪಾಯಿಯ ಇಂಜಿನ್ ಹಾಳಾಗಬಹುದು. ಹಾಗಾಗಿ ವಿಷಯವನ್ನು ಮೊದಲಿನಿಂದ ನೋಡೋಣ.

ಆಕ್ಟೇನ್ ಅಂದರೆ ಏನು?

ಬಂಕ್‌ನ ಬೋರ್ಡ್‌ನಲ್ಲಿ ಕಾಣುವ 91, 95, 100 ಎಂಬ ಸಂಖ್ಯೆಗಳೇ ಆಕ್ಟೇನ್ ಸಂಖ್ಯೆ. ಇದು ಪೆಟ್ರೋಲ್‌ನಲ್ಲಿ ಎಷ್ಟು ಶಕ್ತಿ ಇದೆ ಅನ್ನೋದರ ಅಳತೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. 100 ಆಕ್ಟೇನ್ ಇದ್ದ ಮಾತ್ರಕ್ಕೆ ಒಂದು ಲೀಟರ್‌ನಲ್ಲಿ ಹೆಚ್ಚು ಶಕ್ತಿ ತುಂಬಿರುತ್ತೆ ಅಂತೇನಿಲ್ಲ.

ಆಕ್ಟೇನ್ ಹೇಳೋದು ಪೆಟ್ರೋಲ್‌ನ ತಾಳ್ಮೆಯನ್ನು. ಇಂಜಿನ್ ಒಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಅದುಮುತ್ತೆ. ಅದುಮಿದಷ್ಟೂ ಮಿಶ್ರಣ ಬಿಸಿಯಾಗುತ್ತೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತಲ್ಲ, ಅದೇ ಥರ. ಬಿಸಿ ಒಂದು ಮಟ್ಟ ಮೀರಿದರೆ ಸ್ಪಾರ್ಕ್ ಪ್ಲಗ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಹೊತ್ತಿಕೊಳ್ಳುತ್ತೆ. ಹಾಗೆ ಹೊತ್ತಿಕೊಳ್ಳದೆ ಎಷ್ಟು ಒತ್ತಡ ತಡೆದುಕೊಳ್ಳುತ್ತೆ ಅನ್ನೋದೇ ಆಕ್ಟೇನ್ ಸಂಖ್ಯೆ. ಐಸೊ ಆಕ್ಟೇನ್ ಎಂಬ ರಾಸಾಯನಿಕಕ್ಕೆ 100, ನಾರ್ಮಲ್ ಹೆಪ್ಟೇನ್‌ಗೆ ಸೊನ್ನೆ ಎಂದು ಇಟ್ಟುಕೊಂಡು, ಬೇರೆ ಇಂಧನಗಳನ್ನು ಅವುಗಳ ಜೊತೆ ಹೋಲಿಸಿ ಈ ಸಂಖ್ಯೆ ಕೊಡುತ್ತಾರೆ.

ಆ ‘ಕಟಕಟ’ ಸದ್ದು

ಮಿಶ್ರಣ ತಾನಾಗಿ ಹೊತ್ತಿಕೊಂಡಾಗ ಇಂಜಿನ್‌ನಲ್ಲಿ ಬರುವ ಸದ್ದಿಗೆ ನಾಕಿಂಗ್ ಅನ್ನುತ್ತಾರೆ. ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತೆ. ಹಳೇ ಗಾಡಿಗಳಲ್ಲಿ ಏರಿನಲ್ಲಿ ದೊಡ್ಡ ಗೇರ್‌ನಲ್ಲೇ ಎಳೆಸಿದಾಗ ಈ ಸದ್ದು ಬರ್ತಿತ್ತು. ಸದ್ದು ಚಿಕ್ಕದಾದರೂ ಅದರ ಹಿಂದಿನ ಹೊಡೆತ ಚಿಕ್ಕದಲ್ಲ. ಸಿಲಿಂಡರ್ ಒಳಗೆ ಒತ್ತಡ ಒಮ್ಮೆಲೇ ಏರುತ್ತೆ. ಹೀಗೇ ನಡೆದರೆ ಪಿಸ್ಟನ್ ರಿಂಗ್ ಕೂರುವ ಜಾಗ ಒಡೆಯುತ್ತೆ, ಪ್ಲಗ್‌ನ ಪಿಂಗಾಣಿ ಸೀಳುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ, ಕೊನೆಗೆ ಪಿಸ್ಟನ್‌ನ ತಲೆಯೇ ಕರಗಬಹುದು.

ಈಗಿನ ಕಾರುಗಳಲ್ಲಿ ಇಂಜಿನ್ ಬ್ಲಾಕ್‌ಗೆ ನಾಕ್ ಸೆನ್ಸರ್ ಅಂಟಿಸಿರುತ್ತಾರೆ. ಅದು ಈ ಸದ್ದನ್ನು ನಮ್ಮ ಕಿವಿಗೆ ಬೀಳುವ ಮೊದಲೇ ಹಿಡಿದು ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್‌ಗೆ ತಿಳಿಸುತ್ತೆ. ಇಸಿಯು ತಕ್ಷಣ ಸ್ಪಾರ್ಕ್ ಕೊಡೋದನ್ನು ಸ್ವಲ್ಪ ತಡ ಮಾಡುತ್ತೆ. ನಾಕಿಂಗ್ ನಿಲ್ಲುತ್ತೆ, ಅದರ ಜೊತೆ ಶಕ್ತಿಯೂ ಸ್ವಲ್ಪ ಇಳಿಯುತ್ತೆ. ಬಿರುಬಿಸಿಲಲ್ಲಿ, ಎಸಿ ಹಾಕಿಕೊಂಡು, ಐದು ಜನ ಕೂತು ಚಾರ್ಮಾಡಿ ಘಾಟ್ ಹತ್ತುವಾಗ ಕಾರು ‘ಡಲ್’ ಅನ್ನಿಸಿದರೆ ಅದಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಾದರೆ ದುಬಾರಿ ಪೆಟ್ರೋಲ್ ಯಾರಿಗೆ ಬೇಕು?

ನಿಮ್ಮ ಕಾರಿನ ಟ್ಯಾಂಕ್ ಮುಚ್ಚಳದ ಒಳಭಾಗ ಅಥವಾ ಜೊತೆಗೆ ಕೊಟ್ಟ ಪುಸ್ತಕ ನೋಡಿ. ಕನಿಷ್ಠ ಎಷ್ಟು ಆಕ್ಟೇನ್ ಬೇಕು ಅಂತ ಬರೆದಿರುತ್ತೆ. ಟರ್ಬೊ ಇಲ್ಲದ ಸಾಮಾನ್ಯ ಕಾರು, ಸ್ಕೂಟರ್, ಬೈಕ್‌ಗಳಲ್ಲಿ ಹೆಚ್ಚಿನವು ಸಾದಾ ಪೆಟ್ರೋಲ್‌ಗೆ ಅಂತಲೇ ಮಾಡಿದವು. ಅವುಗಳಿಗೆ 100 ಹಾಕಿದರೂ ಇಂಜಿನ್‌ಗೆ ಅದನ್ನು ಬಳಸಿಕೊಳ್ಳೋದು ಗೊತ್ತಿಲ್ಲ. ಅಂಗಡಿ ಸಾಮಾನು ತರುವ ವ್ಯಾನಿಗೆ ದುಬಾರಿ ಪೆಟ್ರೋಲ್ ಹಾಕಿದರೆ ದುಡ್ಡು ಹೋಗುತ್ತೆ ಅಷ್ಟೇ, ಹಾನಿ ಏನಿಲ್ಲ.

ಯುರೋಪಿನ ಕೆಲವು ಟರ್ಬೊ ಕಾರುಗಳ ಕತೆ ಬೇರೆ. ಅವುಗಳ ಇಂಜಿನ್‌ಗಳನ್ನು 95 ಅಥವಾ 98 ಆಕ್ಟೇನ್ ಲೆಕ್ಕದಲ್ಲಿ ರೂಪಿಸಿರುತ್ತಾರೆ. ಕಡಿಮೆ ಆಕ್ಟೇನ್ ಹಾಕಿದಾಗ ಅವು ನಾಕ್ ಸೆನ್ಸರ್ ನಂಬಿಕೊಂಡು ತಗ್ಗಿ ಓಡುತ್ತವೆ. ಅಂಥ ಕಾರಿಗೆ ಸರಿಯಾದ ಪೆಟ್ರೋಲ್ ಹಾಕಿದರೆ ಕಂಪನಿ ಹೇಳಿದ ಶಕ್ತಿ ವಾಪಸ್ ಬರುತ್ತೆ. ಅದಕ್ಕೆ ರೀಮ್ಯಾಪ್ ಬೇಕಾಗಿಲ್ಲ.

ಇನ್ನೊಂದು ವಿಷಯ ಗಮನಿಸಿ. ಈಗ ಬಂಕ್‌ಗಳಲ್ಲಿ ಬರುತ್ತಿರೋದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನ ಆಕ್ಟೇನ್ ಸುಮಾರು 108.5 ಎಂದೂ, ಅದನ್ನು ಬೆರೆಸಿದ್ದರಿಂದ ಸಾದಾ ಪೆಟ್ರೋಲ್ 91ರಿಂದ 95ಕ್ಕೆ ಏರಿದೆ ಎಂದೂ ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿದೆ. ಹಾಗಿದ್ದರೆ ಬರೀ ಆಕ್ಟೇನ್‌ಗೋಸ್ಕರ ‘95’ ಬೋರ್ಡಿನ ಪೆಟ್ರೋಲ್‌ಗೆ ಹೆಚ್ಚು ಕೊಡುವುದರಲ್ಲಿ ಮೊದಲಿನಷ್ಟು ಅರ್ಥ ಉಳಿದಿಲ್ಲ. ಇಂಜಿನ್ ಒಳಗಿನ ಕೊಳೆ ತೆಗೆಯುವ ರಾಸಾಯನಿಕ ಬೆರೆಸಿರುತ್ತಾರೆ ಅನ್ನೋದು ಮಾತ್ರ ಉಳಿದ ವ್ಯತ್ಯಾಸ. ಹಾಗಂತ ಎಥನಾಲ್‌ನಿಂದ ಮೈಲೇಜ್ ಹೆಚ್ಚಲ್ಲ. ಪೆಟ್ರೋಲ್‌ಗೆ ಹೋಲಿಸಿದರೆ ಒಂದು ಲೀಟರ್ ಎಥನಾಲ್‌ನಲ್ಲಿ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಆಕ್ಟೇನ್ ಬೇರೆ, ಶಕ್ತಿ ಬೇರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ರೀಮ್ಯಾಪ್‌ನಲ್ಲಿ ಏನು ಮಾಡುತ್ತಾರೆ?

ಇಸಿಯು ಒಳಗೆ ದೊಡ್ಡ ದೊಡ್ಡ ಕೋಷ್ಟಕಗಳಿರುತ್ತವೆ. ಇಷ್ಟು ವೇಗದಲ್ಲಿ ಇಂಜಿನ್ ತಿರುಗುವಾಗ, ಇಷ್ಟು ಆಕ್ಸಲರೇಟರ್ ಒತ್ತಿದಾಗ ಸ್ಪಾರ್ಕ್ ಯಾವಾಗ ಕೊಡಬೇಕು, ಪೆಟ್ರೋಲ್ ಎಷ್ಟು ಚಿಮ್ಮಿಸಬೇಕು, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ನೂಕಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿ ಇರುತ್ತೆ. ಈ ಕೋಷ್ಟಕಗಳಿಗೇ ‘ಮ್ಯಾಪ್’ ಅನ್ನೋದು.

ಕಾರು ಕಂಪನಿ ಈ ಲೆಕ್ಕ ಹಾಕುವಾಗ ಬಹಳ ಅಂತರ ಇಟ್ಟುಕೊಂಡಿರುತ್ತೆ. ಕಲಬುರಗಿಯ ಬೇಸಿಗೆಯಲ್ಲೂ, ಘಾಟಿನ ಏರಿನಲ್ಲೂ, ಪೆಟ್ರೋಲ್ ಕಳಪೆ ಇದ್ದರೂ, ಸರ್ವಿಸ್ ತಡವಾಗಿದ್ದರೂ ಇಂಜಿನ್ ಬದುಕಿರಬೇಕು ತಾನೇ? ರೀಮ್ಯಾಪ್ ಮಾಡುವವರು ಈ ಅಂತರದಲ್ಲಿ ಒಂದಷ್ಟನ್ನು ತೆಗೆದು ಶಕ್ತಿಯಾಗಿ ಬದಲಿಸುತ್ತಾರೆ. ಸ್ಟೀರಿಂಗ್ ಕೆಳಗಿರುವ ಓಬಿಡಿ ಪೋರ್ಟ್‌ಗೆ ಕೇಬಲ್ ಸಿಕ್ಕಿಸಿ, ಹಳೇ ಫೈಲ್ ತೆಗೆದಿಟ್ಟುಕೊಂಡು, ಬದಲಿಸಿದ ಫೈಲ್ ತುಂಬುತ್ತಾರೆ. ಸ್ಪಾರ್ಕ್ ಸ್ವಲ್ಪ ಬೇಗ, ಟರ್ಬೊ ಒತ್ತಡ ಹೆಚ್ಚು, ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಹೆಚ್ಚು.

ಆಕ್ಟೇನ್ ಕೆಲಸಕ್ಕೆ ಬರೋದು ಇಲ್ಲೇ. ಒತ್ತಡ ಹೆಚ್ಚಿಸಿ ಸ್ಪಾರ್ಕ್ ಬೇಗ ಕೊಟ್ಟರೆ ನಾಕಿಂಗ್ ಹತ್ತಿರ ಬರುತ್ತೆ. ಪೆಟ್ರೋಲ್‌ನ ಆಕ್ಟೇನ್ ಹೆಚ್ಚಿದ್ದರೆ ಅದು ದೂರ ಹೋಗುತ್ತೆ. ಮ್ಯಾಪ್ ಬದಲಿಸದೆ 100 ಹಾಕಿದರೆ ಹೆಚ್ಚಿನ ಕಾರುಗಳಿಗೆ ಲಾಭವಿಲ್ಲ. 100ಕ್ಕೆ ಅಂತ ಮ್ಯಾಪ್ ಬದಲಿಸಿದ ಮೇಲೆ 100 ಹಾಕದಿದ್ದರೆ ಅಪಾಯ. ಈ ಎರಡು ಮಾತು ನೆನಪಿಟ್ಟುಕೊಂಡರೆ ಅರ್ಧ ವಿಷಯ ಗೊತ್ತಾದ ಹಾಗೆ.

ಎಷ್ಟು ಲಾಭ?

ಉದಾಹರಣೆಗೆ 2020ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ತೆಗೆದುಕೊಳ್ಳಿ. ಎರಡು ಲೀಟರ್ ಟರ್ಬೊ ಇಂಜಿನ್, 245 ಪಿಎಸ್ ಶಕ್ತಿ, 370 ನ್ಯೂಟನ್ ಮೀಟರ್ ಟಾರ್ಕ್. ಈ ಬಗೆಯ ಇಂಜಿನ್‌ಗೆ ಬೇರೆ ಯಾವ ಭಾಗವನ್ನೂ ಬದಲಿಸದೆ ಬರೀ ರೀಮ್ಯಾಪ್‌ನಿಂದ 300 ಪಿಎಸ್ ಆಸುಪಾಸು ಸಿಗುತ್ತೆ ಅಂತ ಟ್ಯೂನಿಂಗ್ ಮಾಡುವವರು ಲೆಕ್ಕ ಕೊಡುತ್ತಾರೆ. ಆದರೆ ಆ ಹೆಚ್ಚಳದ ದೊಡ್ಡ ಪಾಲು ಟರ್ಬೊ ಒತ್ತಡದಿಂದ ಬರೋದು. 95ರ ಮ್ಯಾಪ್ ಬಿಟ್ಟು 100ರ ಮ್ಯಾಪ್‌ಗೆ ಹೋದರೆ ಮೇಲೆ ಸಿಗೋದು ಚಿಕ್ಕ ಪಾಲು. ಟರ್ಬೊ ಇಲ್ಲದ ಕಾರುಗಳಲ್ಲಿ ರೀಮ್ಯಾಪ್ ಲಾಭ ಇನ್ನೂ ಕಡಿಮೆ. ಒತ್ತಡ ಹೆಚ್ಚಿಸಲು ಅಲ್ಲಿ ಟರ್ಬೊನೇ ಇಲ್ಲವಲ್ಲ.

ಅಸಲಿ ಪ್ರಶ್ನೆ: ಬಂಕ್ ಎಲ್ಲಿ?

ಇಂಡಿಯನ್ ಆಯಿಲ್ ಕಂಪನಿ 100 ಆಕ್ಟೇನ್‌ನ ಎಕ್ಸ್‌ಪಿ 100 ಪೆಟ್ರೋಲ್ ಅನ್ನು 2020ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ತಂದಿತು. ಮೊದಲು ಬಂದದ್ದು ದೆಹಲಿ, ಮುಂಬೈ, ಪುಣೆಯಂಥ ಹತ್ತು ನಗರಗಳಿಗೆ. ಬೆಂಗಳೂರಿನ ಹೆಸರು ಎರಡನೇ ಹಂತದಲ್ಲಿತ್ತು. ಆಮೇಲೆ ಬೇರೆ ತೈಲ ಕಂಪನಿಗಳೂ 100 ಆಕ್ಟೇನ್ ತಂದವು. ಇಷ್ಟಾದರೂ ಇದು ಆಯ್ದ ಬಂಕ್‌ಗಳಲ್ಲಿ ಮಾತ್ರ ಸಿಗುವ ಮಾಲು.

ಬೆಲೆಯನ್ನೂ ನೋಡಿ. ಬಿಡುಗಡೆಯಾದಾಗ ದೆಹಲಿಯಲ್ಲಿ ಲೀಟರ್‌ಗೆ 160 ರೂಪಾಯಿ. ಆಗ ಅಲ್ಲಿ ಸಾದಾ ಪೆಟ್ರೋಲ್ ಸುಮಾರು 82 ರೂಪಾಯಿ. ಆ ಲೆಕ್ಕದಲ್ಲಿ ತಿಂಗಳಿಗೆ 100 ಲೀಟರ್ ಬಳಸುವವರಿಗೆ 7,800 ರೂಪಾಯಿ ಹೆಚ್ಚು ಖರ್ಚು.

ಈಗ ನಮ್ಮ ಊರಿನ ಲೆಕ್ಕಕ್ಕೆ ಬನ್ನಿ. ಬೆಂಗಳೂರಲ್ಲಿ 100ರ ಮ್ಯಾಪ್ ಹಾಕಿಸಿಕೊಂಡು, ಅಲ್ಲೇ 50 ಲೀಟರ್ ಟ್ಯಾಂಕ್ ತುಂಬಿಸಿಕೊಂಡು ಹೊರಟಿರಿ ಅಂದುಕೊಳ್ಳಿ. ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಜೋರಾಗಿ ಓಡಿಸಿದರೆ ಇಂಥ ಕಾರು ಲೀಟರ್‌ಗೆ 10 ಕಿಲೋಮೀಟರ್ ಕೊಟ್ಟರೆ ಹೆಚ್ಚು. ಮನೆ ಸೇರುವಾಗ ಅರ್ಧ ಟ್ಯಾಂಕ್ ಖಾಲಿ. ಮಾರನೇ ದಿನ ಮೂಡಿಗೆರೆಗೋ ಕೊಪ್ಪಕ್ಕೋ ಹೋಗಬೇಕು. ಅಲ್ಲಿನ ಬಂಕ್‌ನಲ್ಲಿ ಏನು ಸಿಗುತ್ತೋ ಅದನ್ನೇ ತುಂಬಿಸಬೇಕು.

ಬೆರೆಸಿದರೆ ಏನಾಗುತ್ತೆ? ಸ್ಥೂಲ ಲೆಕ್ಕ ಸರಳ. 25 ಲೀಟರ್ 100ಕ್ಕೆ 25 ಲೀಟರ್ 95 ಸೇರಿಸಿದರೆ ಸುಮಾರು 97.5. ಇನ್ನೊಮ್ಮೆ ಅರ್ಧ ಟ್ಯಾಂಕ್ 95 ತುಂಬಿಸಿದರೆ 96ರ ಆಸುಪಾಸು. ಹಳೇ ದಾಸ್ತಾನೋ ಕಳಪೆ ಮಾಲೋ ಬಂದರೆ ಇನ್ನೂ ಕೆಳಗೆ. ಕಾರಿನೊಳಗಿನ ಮ್ಯಾಪ್ ಮಾತ್ರ 100 ಇದೆ ಅಂತಲೇ ನಂಬಿಕೊಂಡು ಸ್ಪಾರ್ಕ್ ಕೊಡುತ್ತಿರುತ್ತೆ.

ನಾಕ್ ಸೆನ್ಸರ್ ಕಾಪಾಡಲ್ವಾ ಅಂತ ಕೇಳಬಹುದು. ಸ್ವಲ್ಪ ಮಟ್ಟಿಗೆ ಕಾಪಾಡುತ್ತೆ. ಆದರೆ ಅದು ನಾಕಿಂಗ್ ಆದ ಮೇಲೆ ಎಚ್ಚರಗೊಳ್ಳುವ ಕಾವಲುಗಾರ. ಪ್ರತಿ ಏರಿನಲ್ಲೂ ಅದರ ಮೇಲೇ ಭಾರ ಹಾಕಿದರೆ ಒಂದಲ್ಲ ಒಂದು ದಿನ ಹೊಡೆತ ತಪ್ಪಲ್ಲ. ಚಿಕ್ಕ ಟರ್ಬೊ ಇಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆಸಿದಾಗ ಸ್ಪಾರ್ಕ್‌ಗೂ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಇನ್ನೊಂದು ತೊಂದರೆಯೂ ಇದೆ. ಅದರ ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಘಾಟ್ ರಸ್ತೆಯಲ್ಲಿ ಗೇರ್ ಇಳಿಸದೆ ಎಳೆಸೋದು ಅಂದರೆ ಇದೇ ಪರಿಸ್ಥಿತಿ.

ಹಾಗಾಗಿ ತಾಲ್ಲೂಕು ಊರುಗಳಲ್ಲಿ ಇರುವವರು 100ರ ಮ್ಯಾಪ್ ಹಾಕಿಸದಿರುವುದೇ ಒಳ್ಳೆಯದು. ಮಾಡಿಸಲೇಬೇಕು ಅಂದರೆ ನಿಮ್ಮ ದಿನನಿತ್ಯದ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ಗೆ ಹೊಂದುವ ಮ್ಯಾಪ್ ಕೇಳಿ. ಶಕ್ತಿ ಸ್ವಲ್ಪ ಕಡಿಮೆ ಬಂದರೂ ಇಂಜಿನ್ ಉಳಿಯುತ್ತೆ.

ಅಮೆರಿಕದ 93 ನಮ್ಮ 93 ಅಲ್ಲ

ಹಲವರು ಎಡವುವ ಜಾಗ ಇದು. ಟ್ಯೂನಿಂಗ್ ಫೈಲ್‌ಗಳು ಅಮೆರಿಕದಿಂದಲೂ ಬರುತ್ತವೆ. ಅದರ ಮೇಲೆ ‘93 ಆಕ್ಟೇನ್’ ಅಂತ ಬರೆದಿರುತ್ತೆ. ನಮ್ಮಲ್ಲಿ 95 ಸಿಗುತ್ತಲ್ಲ, ಅದಕ್ಕಿಂತ ಹೆಚ್ಚೇ ಆಯ್ತು ಅಂತ ಧೈರ್ಯವಾಗಿ ತುಂಬಿಸಿಬಿಡುತ್ತಾರೆ.

ಅಮೆರಿಕದ ಬಂಕ್‌ಗಳು ಎರಡು ಬಗೆಯ ಪರೀಕ್ಷೆಯ ಸರಾಸರಿಯನ್ನು ಬೋರ್ಡ್‌ನಲ್ಲಿ ಹಾಕುತ್ತವೆ. ಭಾರತ ಮತ್ತು ಯುರೋಪ್‌ನಲ್ಲಿ ಹಾಕೋದು ‘ರಿಸರ್ಚ್ ಆಕ್ಟೇನ್’ ಎಂಬ ಒಂದೇ ಪರೀಕ್ಷೆಯ ಸಂಖ್ಯೆ. ಅಮೆರಿಕದ 87 ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 91, ಅಲ್ಲಿನ 93 ಅಂದರೆ ನಮ್ಮ ಸುಮಾರು 98. ಆ ಫೈಲ್ ಹಾಕಿ ನಮ್ಮ 95 ತುಂಬಿಸಿದರೆ ಮೂರು ಅಂಕ ಕಡಿಮೆ. ಫೈಲ್ ಯಾವ ದೇಶದ್ದು, ಯಾವ ಅಳತೆಯದ್ದು ಅಂತ ಕೇಳದೆ ಕಾರು ಮುಟ್ಟಲು ಬಿಡಬೇಡಿ.

ಬಾಟಲಿಯ ‘ಬೂಸ್ಟರ್’ ನಂಬಬಹುದಾ?

ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಆಕ್ಟೇನ್ ಬೂಸ್ಟರ್ ಬಾಟಲಿ ಸಿಗುತ್ತೆ. ‘30 ಪಾಯಿಂಟ್ ಹೆಚ್ಚಳ’ ಅಂತ ಬರೆದಿದ್ದರೆ 95 ಇದ್ದದ್ದು 125 ಆಗುತ್ತೆ ಅಂತಲ್ಲ. ಇಂಥ ಬಾಟಲಿಗಳಲ್ಲಿ ಸಾಮಾನ್ಯವಾಗಿ ಹತ್ತು ಪಾಯಿಂಟ್ ಅಂದರೆ ಒಂದು ಆಕ್ಟೇನ್. 30 ಪಾಯಿಂಟ್ ಅಂದರೆ ಮೂರು, ಅದೂ ಹೇಳಿದ ಅಳತೆಯಲ್ಲಿ ಸರಿಯಾಗಿ ಬೆರೆಸಿದರೆ. ಕೆಲವದರಲ್ಲಿ ಮ್ಯಾಂಗನೀಸ್ ಇರುತ್ತೆ. ಅದು ಪ್ಲಗ್ ಮೇಲೆ ಕೆಂಪು ಕಂದು ಪುಡಿಯಾಗಿ ಕೂರುತ್ತೆ. ಅಂಗಡಿಯವರು ಗಿರಾಕಿಗೆ ಇಷ್ಟನ್ನು ಹೇಳಿಯೇ ಮಾರಿದರೆ ನಾಳೆ ಜಗಳ ಇರಲ್ಲ.

ಇಂಜಿನ್ ತಡೆದರೂ ಗೇರ್‌ಬಾಕ್ಸ್ ತಡೆಯಬೇಕು

ರೀಮ್ಯಾಪ್‌ನಿಂದ ಮೊದಲು ಏರೋದು ಟಾರ್ಕ್, ಅಂದರೆ ಎಳೆಯುವ ಬಲ. ಅದು ಹಾದುಹೋಗಬೇಕಾದ್ದು ಕ್ಲಚ್ ಮತ್ತು ಗೇರ್‌ಬಾಕ್ಸ್ ಮೂಲಕ. ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಹಲವು ಕಾರುಗಳಲ್ಲಿರುವ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್‌ನ ಮಿತಿ 250 ನ್ಯೂಟನ್ ಮೀಟರ್. ಅದೇ ಕಂಪನಿಗಳ 1.5 ಲೀಟರ್ ಟಿಎಸ್‌ಐ ಇಂಜಿನ್ ಫ್ಯಾಕ್ಟರಿಯಿಂದ ಬರುವಾಗಲೇ 250 ನ್ಯೂಟನ್ ಮೀಟರ್ ಕೊಡುತ್ತೆ. ಅಂದರೆ ಮಿತಿ ಅಲ್ಲಿಗೇ ಮುಗಿದಿದೆ. ಅದರ ಮೇಲೆ ಏರಿಸಿದ್ದೆಲ್ಲ ಗೇರ್‌ಬಾಕ್ಸ್‌ನ ಆಯಸ್ಸಿನಿಂದ ಕಡಿದದ್ದು ಅಂದುಕೊಳ್ಳಿ.

ವಾರಂಟಿ, ವಿಮೆ, ಕಾನೂನು

ವಾರಂಟಿ ಇರುವ ಕಾರಿಗೆ ರೀಮ್ಯಾಪ್ ಮಾಡಿಸಿದರೆ ಇಂಜಿನ್, ಗೇರ್‌ಬಾಕ್ಸ್ ವಾರಂಟಿ ಹೋಯಿತು ಅಂತಲೇ ಲೆಕ್ಕ. ಸರ್ವಿಸ್‌ಗೆ ಬಿಡುವ ಮುಂಚೆ ಹಳೇ ಫೈಲ್ ವಾಪಸ್ ಹಾಕಿಸಿದರೆ ಗೊತ್ತಾಗಲ್ಲ ಅನ್ನೋರಿದ್ದಾರೆ. ಹಲವು ಇಸಿಯುಗಳು ತಮ್ಮೊಳಗೆ ಎಷ್ಟು ಸಲ ಫೈಲ್ ತುಂಬಿದ್ದಾರೆ ಅಂತ ಎಣಿಸಿಟ್ಟುಕೊಳ್ಳುತ್ತವೆ. ಕಂಪನಿಯ ಸ್ಕ್ಯಾನರ್ ಸಿಕ್ಕಿಸಿದರೆ ಗುಟ್ಟು ಬಯಲು.

ವಿಮಾ ಕಂಪನಿಗೆ ತಿಳಿಸದೆ ಕಾರಿನಲ್ಲಿ ಬದಲಾವಣೆ ಮಾಡಿಸಿದರೆ ಅಪಘಾತವಾದಾಗ ಕ್ಲೇಮ್‌ಗೆ ತಕರಾರು ಬರಬಹುದು.

ಕಾನೂನಿನ ಕಡೆಯಿಂದ ನೋಡಿದರೆ, ನೋಂದಣಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅನುಮತಿ ಇಲ್ಲದ ಭಾಗಗಳನ್ನು ಹಾಕಿ ವಾಹನ ಬದಲಿಸಿದ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ. ‘ಸ್ಟೇಜ್ 2’ ಅಂತ ಹೇಳಿ ಸೈಲೆನ್ಸರ್ ಪೈಪ್‌ನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರಂತೂ ಹೊಗೆ ತಪಾಸಣೆಯಲ್ಲೇ ಸಿಕ್ಕಿಬೀಳಬಹುದು.

ಇಷ್ಟಾದರೂ ಮಾಡಿಸೋದೇ ಆದರೆ ಕೇಳಬೇಕಾದ್ದು

• ಮ್ಯಾಪ್ ಯಾವ ಆಕ್ಟೇನ್‌ಗೆ? ಶೇ 20 ಎಥನಾಲ್ ಇರುವ ನಮ್ಮ ಪೆಟ್ರೋಲ್‌ನಲ್ಲಿ ಪರೀಕ್ಷೆ ಮಾಡಿದ್ದಾರಾ?

• ನಿಮ್ಮ ಮೂಲ ಫೈಲ್‌ನ ಪ್ರತಿ ನಿಮ್ಮ ಕೈಗೆ ಕೊಡುತ್ತಾರಾ?

• ಫೈಲ್ ತುಂಬುವಾಗ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸುತ್ತಾರಾ? ಮಧ್ಯದಲ್ಲಿ ವೋಲ್ಟೇಜ್ ಇಳಿದರೆ ಇಸಿಯು ಸತ್ತುಹೋಗಬಹುದು.

• ತುಂಬಿದ ಮೇಲೆ ಕಾರು ಓಡಿಸಿ, ಪ್ರತಿ ಸಿಲಿಂಡರ್‌ನಲ್ಲಿ ಸ್ಪಾರ್ಕ್ ಎಷ್ಟು ಹಿಂದೆ ಸರಿಯುತ್ತಿದೆ ಅಂತ ದಾಖಲೆ ತೆಗೆದು ತೋರಿಸುತ್ತಾರಾ? ‘ಓಡಿಸಿ ನೋಡಿ, ಗೊತ್ತಾಗುತ್ತೆ’ ಅನ್ನುವವರ ಹತ್ತಿರ ಮಾಡಿಸಬೇಡಿ.

• ಬೇಕಾದಾಗ ಸಾದಾ ಮ್ಯಾಪ್‌ಗೆ ಬದಲಿಸಿಕೊಳ್ಳುವ ಅನುಕೂಲ ಇದೆಯಾ?

• ಪ್ಲಗ್, ಇಂಜಿನ್ ಆಯಿಲ್, ಏರ್ ಫಿಲ್ಟರ್, ಕೂಲೆಂಟ್ ಸರಿ ಇದೆಯಾ ಅಂತ ಮೊದಲು ನೋಡಿದರಾ? ಸೊರಗಿದ ಇಂಜಿನ್‌ಗೆ ರೀಮ್ಯಾಪ್ ಮದ್ದಲ್ಲ.

ರೀಮ್ಯಾಪ್ ಆದ ಕಾರಿಗೆ ಅನಿವಾರ್ಯವಾಗಿ ಸಾದಾ ಪೆಟ್ರೋಲ್ ಹಾಕಿಸಬೇಕಾಗಿ ಬಂದರೆ ಆ ಟ್ಯಾಂಕ್ ಮುಗಿಯುವವರೆಗೆ ಆಕ್ಸಲರೇಟರ್ ಪೂರ್ತಿ ಒತ್ತಬೇಡಿ. ಏರಿನಲ್ಲಿ ಗೇರ್ ಇಳಿಸಿ ಹತ್ತಿ. ಕಟಕಟ ಸದ್ದು ಕೇಳಿದರೆ ಕಾಲು ತೆಗೆಯಿರಿ, ಚೆಕ್ ಇಂಜಿನ್ ದೀಪ ಮಿನುಗಿದರೆ ಗಾಡಿ ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಟರ್ಬೊ ಕಾರು ಕೊಳ್ಳುವವರೂ ‘ರೀಮ್ಯಾಪ್ ಆಗಿದೆಯಾ, ಎಷ್ಟರ ಪೆಟ್ರೋಲ್‌ಗೆ?’ ಅಂತ ಕೇಳಿಯೇ ಅಡ್ವಾನ್ಸ್ ಕೊಡಿ. ಮಾರುವವರು ಬೆಂಗಳೂರಿನ ಬಂಕ್ ನಂಬಿಕೊಂಡು ಓಡಿಸಿದ ಗಾಡಿಯನ್ನು ನೀವು ಇಲ್ಲಿನ ಪೆಟ್ರೋಲ್‌ನಲ್ಲಿ ಓಡಿಸಬೇಕಾಗುತ್ತೆ.